ಗ್ಯಾಸ್ ಇರಬಹುದು, ಆದರೆ ಮೊದಲು ಇಸಿಜಿ

ರಾತ್ರಿ 11.40. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಕ್ಯಾಶುಯಾಲ್ಟಿ. ಓಮ್ನಿಯಿಂದ ಇಳಿದವರು 54ರ ಒಬ್ಬ ರೈತರು. ಒಂದು ಪಕ್ಕ ಮಗ, ಇನ್ನೊಂದು ಪಕ್ಕ ಭಾಮೈದ. ನಾನು ಬಾಯಿ ತೆಗೆಯುವ ಮೊದಲೇ ಕಾಯಿಲೆ ಏನೆಂದು ಅವರೇ ಹೇಳಿಬಿಟ್ಟರು: "ಬೀಗರೂಟಕ್ಕೆ ಹೋಗಿದ್ದೆ ಸಾ. ಬಾಡು ವಸಿ ಜಾಸ್ತಿ ಆಯ್ತು. ಗ್ಯಾಸ್ ತುಂಬ್ಕಂಡದೆ. ಒಂದು ಇಂಜೆಕ್ಷನ್ ಹಾಕಿ ಕಳ್ಸಿ, ಬೆಳಿಗ್ಗೆ ಕಬ್ಬು ಕಡಿಸ್ಬೇಕು."

ಎಲ್ಲಿ ನೋವು ಎಂದೆ. ಬೆರಳಿಟ್ಟು ತೋರಿಸಲಿಲ್ಲ. ಮುಷ್ಟಿ ಬಿಗಿದು ಎದೆಯ ನಡುವೆ ಇಟ್ಟುಕೊಂಡರು. "ನೋವು ಅಂತಲ್ಲ ಸಾ, ಕಲ್ಲು ಮಡಗ್ದಂಗೆ ಆಯ್ತದೆ." ಡಿಸೆಂಬರ್ ಚಳಿ. ಆದರೂ ಅಂಗಿ ಬೆವರಿಗೆ ಬೆನ್ನಿಗೆ ಅಂಟಿಕೊಂಡಿತ್ತು.

(ಇಂಥವರನ್ನು ಎಷ್ಟೋ ಜನ ನೋಡಿದ್ದೇನೆ. ಗುರುತು ಸಿಗಬಾರದೆಂದು ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.)

ಹೊರಗೆ ಬೆಂಚಿನ ಮೇಲೆ ಕೂತವರಿಗೆ, ಒಳಗೆ ಡಾಕ್ಟರು "ಏನು ಕಾಯಿಲೆ" ಅಂತ ಹುಡುಕುತ್ತಿದ್ದಾರೆ ಅನಿಸುತ್ತದೆ. ಹಗಲು ಹೊತ್ತಿನ ಒಪಿಡಿಯಲ್ಲಿ ಅದು ನಿಜ. ಕ್ಯಾಶುಯಾಲ್ಟಿಯಲ್ಲಿ ಮೊದಲ ಪ್ರಶ್ನೆ ಬೇರೆ. ಇದು ಯಾವ ಕಾಯಿಲೆ ಆಗಿದ್ದರೆ ಇವತ್ತು ರಾತ್ರಿಯೇ ಜೀವ ಹೋಗುತ್ತದೆ? ಅದನ್ನು ಮೊದಲು ನೋಡು, ಉಳಿದದ್ದು ಆಮೇಲೆ. ಗ್ಯಾಸ್ ಇದ್ದವರನ್ನು ಹಾರ್ಟ್ ಎಂದುಕೊಂಡರೆ ಒಂದು ಇಸಿಜಿ ದಂಡ, ಒಂದು ರಾತ್ರಿ ನಿದ್ದೆ ದಂಡ. ಹಾರ್ಟ್ ಇದ್ದವರನ್ನು ಗ್ಯಾಸ್ ಎಂದು ಕಳಿಸಿದರೆ ಬೆಳಿಗ್ಗೆ ಆ ಮಗನ ಮುಖ ನೋಡುವುದು ಹೇಗೆ? ಎರಡೂ ತಪ್ಪೇ, ಆದರೆ ಎರಡರ ಬೆಲೆ ಒಂದೇ ಅಲ್ಲ. ತುರ್ತು ಚಿಕಿತ್ಸೆಯ ಲೆಕ್ಕವೆಲ್ಲ ಶುರುವಾಗುವುದು ಇಲ್ಲಿಂದ.

ಆ ಲೆಕ್ಕ ಇಸಿಜಿಗಿಂತ ಮುಂಚೆಯೇ ಶುರುವಾಗಿರುತ್ತದೆ. ಒಂದು ವಾಕ್ಯ ಪೂರ್ತಿ ಹೇಳುತ್ತಾರಾ, ಮಧ್ಯೆ ಉಸಿರು ಕಟ್ಟುತ್ತಾ? ಕೈ ಹಿಡಿದರೆ ಬೆಚ್ಚಗಿದೆಯಾ, ತಣ್ಣಗಿದೆಯಾ? ನಾಡಿ ಹೇಗಿದೆ? ಇವರ ಕೈ ತಣ್ಣಗಿತ್ತು, ಬಿಪಿ 94/60. "ಬಿಪಿ ಜಾಸ್ತಿ ಇಲ್ಲ ಅಲ್ವಾ ಸಾ" ಎಂದು ಮಗ ಸಮಾಧಾನಪಟ್ಟ. ನನಗೆ ಅದೇ ಚಿಂತೆ. ಕಡಿಮೆ ಬಿಪಿ, ತಣ್ಣನೆ ಕೈ, ಬೆವರು ಮೂರೂ ಒಟ್ಟಿಗೆ ಬಂದರೆ ಹೃದಯ ರಕ್ತ ತಳ್ಳಲು ಕಷ್ಟಪಡುತ್ತಿದೆ ಎಂದು ಅರ್ಥ ಇರಬಹುದು.

ಎದೆನೋವಿನ ಜೊತೆ ಬರುವ ಕೊಲೆಗಡುಕರು ಕೆಲವರೇ. ಹೃದಯದ ರಕ್ತನಾಳ ಮುಚ್ಚಿಕೊಳ್ಳುವ ಹಾರ್ಟ್ ಅಟ್ಯಾಕ್ ಎಲ್ಲರಿಗೂ ಗೊತ್ತು. ಇನ್ನೊಂದರಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರವೇ ಸೀಳುತ್ತದೆ. ಆಗ ನೋವು ಶುರುವಿನಲ್ಲೇ ಭಯಂಕರ, ಸೀರೆ ಹರಿದಂತೆ, ಬೆನ್ನಿಗೆ ಹೋಗುತ್ತದೆ. ಮೂರನೆಯದು ಕಾಲಿನಲ್ಲಿ ಕಟ್ಟಿದ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಕೂರುವುದು. ಆಪರೇಷನ್ ಆಗಿ ಮಲಗಿದ್ದವರಿಗೆ, ಒಂದೇ ಕಡೆ ತುಂಬಾ ಹೊತ್ತು ಕೂತು ಪ್ರಯಾಣ ಮಾಡಿದವರಿಗೆ ಇದರ ಭಯ. ಶ್ವಾಸಕೋಶ ತೂತಾಗಿ ಎದೆಗೂಡಿನಲ್ಲಿ ಗಾಳಿ ತುಂಬುವುದು ನಾಲ್ಕನೆಯದು.

ಇವನ್ನು ಬೇರೆ ಬೇರೆ ಮಾಡಲೇಬೇಕು, ಯಾಕೆಂದರೆ ಒಂದರ ಔಷಧಿ ಇನ್ನೊಂದಕ್ಕೆ ವಿಷ. ಹಾರ್ಟ್ ಅಟ್ಯಾಕ್‌ಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುತ್ತೇವೆ. ರಕ್ತನಾಳ ಸೀಳಿದವರಿಗೆ ಅದನ್ನೇ ಕೊಟ್ಟರೆ ನಾವೇ ಕೊಂದಂತೆ. ಇದರಲ್ಲಿ ಒಂದು ಕುತಂತ್ರವೂ ಇದೆ: ಆ ಸೀಳು ಹೃದಯದ ರಕ್ತನಾಳದ ಬಾಯಿಯವರೆಗೆ ಬಂದರೆ ಇಸಿಜಿಯಲ್ಲಿ ಥೇಟ್ ಹಾರ್ಟ್ ಅಟ್ಯಾಕ್ ಥರವೇ ಕಾಣುತ್ತದೆ. ಅದಕ್ಕೇ ಸಿಸ್ಟರ್ ಎರಡೂ ಕೈಗೆ ಬಿಪಿ ನೋಡುವುದು. "ಒಂದು ಕೈಲಿ ನೋಡಿದ್ರಲ್ಲ, ಮತ್ತೆ ಯಾಕೆ" ಎಂದು ಜನ ಗೊಣಗುತ್ತಾರೆ. ಎರಡು ಕೈಗೂ 20ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ನಮ್ಮ ಕೈ ಅಲ್ಲೇ ನಿಲ್ಲುತ್ತದೆ. ಇವರಿಗೆ ವ್ಯತ್ಯಾಸ ಇರಲಿಲ್ಲ. ನೋವು ಬೆನ್ನಿಗೆ ಹೋಗಿರಲಿಲ್ಲ. ನಿಧಾನವಾಗಿ ಏರಿತ್ತು.

ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ನಿಯಮ. 11.46ಕ್ಕೆ ಇವರ ಮೊದಲ ಇಸಿಜಿ ಕೈಗೆ ಬಂತು. ಸ್ಪಷ್ಟವಾಗಿ ಏನೂ ಇರಲಿಲ್ಲ. ಒಂದೆರಡು ಕಡೆ ಗೆರೆ ಸ್ವಲ್ಪ ಸರಿ ಇಲ್ಲ ಅನಿಸಿತು, ಅಷ್ಟೆ. "ನಾರ್ಮಲ್ಲಾ ಸಾ?" ಎಂದು ಭಾಮೈದ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.

ಇಲ್ಲಿ ಒಂಚೂರು ನಿಲ್ಲೋಣ. ಟೆಸ್ಟ್ ಅಂದರೆ ಹೌದು ಅಥವಾ ಇಲ್ಲ ಎಂದು ಹೇಳುವ ಯಂತ್ರ ಎಂದು ನಾವೆಲ್ಲ ನಂಬಿದ್ದೇವೆ. ಅದೇ ಟೆಸ್ಟು, ಅದೇ ಫಲಿತಾಂಶ, ಆದರೆ ಯಾರಿಗೆ ಮಾಡಿದ್ದೀರಿ ಎಂಬುದರ ಮೇಲೆ ಅದರ ಅರ್ಥವೇ ಬದಲಾಗುತ್ತದೆ. ಸುಮ್ನೆ ಲೆಕ್ಕಕ್ಕೆ ಒಂದು ಟೆಸ್ಟ್ ಇದೆ ಅಂದುಕೊಳ್ಳಿ. ಕಾಯಿಲೆ ಇರುವ 10 ಜನರಲ್ಲಿ 9 ಜನರನ್ನು ಹಿಡಿಯುತ್ತದೆ, ಒಬ್ಬರನ್ನು ಬಿಡುತ್ತದೆ. ಕಾಯಿಲೆ ಇಲ್ಲದ 10 ಜನರಲ್ಲಿ ಒಬ್ಬರಿಗೆ ಸುಮ್ಮಸುಮ್ಮನೆ "ಇದೆ" ಎನ್ನುತ್ತದೆ.

ಇದನ್ನು ಏನೂ ತೊಂದರೆ ಇಲ್ಲದ, ಟಿವಿ ನೋಡಿ ಹೆದರಿ ಬಂದ 1000 ಜನರಿಗೆ ಮಾಡಿ. ಅವರಲ್ಲಿ ನಿಜಕ್ಕೂ ಕಾಯಿಲೆ ಇರುವವರು 10 ಜನ ಎಂದಿಟ್ಟುಕೊಳ್ಳಿ. ಟೆಸ್ಟ್ ಆ 10ರಲ್ಲಿ 9 ಜನರನ್ನು ಹಿಡಿಯಿತು. ಜೊತೆಗೆ ಉಳಿದ 990ರಲ್ಲಿ 99 ಜನರನ್ನು ಸುಳ್ಳುಸುಳ್ಳೇ ಹಿಡಿಯಿತು. "ಇದೆ" ಎಂದ 108 ಜನರಲ್ಲಿ ನಿಜವಾದವರು 9. ಈಗ ಅದೇ ಟೆಸ್ಟನ್ನು ಬೆವರು ಸುರಿಸುತ್ತಾ ಎದೆ ಹಿಡಿದುಕೊಂಡು ಬಂದ 1000 ಜನರಿಗೆ ಮಾಡಿ. ಇವರಲ್ಲಿ 400 ಜನರಿಗೆ ಕಾಯಿಲೆ ಇದೆ ಎಂದುಕೊಳ್ಳಿ. ಹಿಡಿದದ್ದು 360 ನಿಜ, 60 ಸುಳ್ಳು. "ಇದೆ" ಎಂದರೆ ನಂಬಬಹುದು. ಆದರೆ "ಇಲ್ಲ" ಎಂದವರಲ್ಲಿ ಇನ್ನೂ 40 ಜನ ಕಾಯಿಲೆಯವರು ಉಳಿದಿದ್ದಾರೆ. 580ರಲ್ಲಿ 40. ಅಂದರೆ ನಾರ್ಮಲ್ ಎಂದು ಮನೆಗೆ ಕಳಿಸಿದ ಪ್ರತಿ 100 ಜನರಲ್ಲಿ 7 ಜನ!

2025ರ ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ಬಂದ ಮೇಲೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಿಗ್ಗೆ ಬೆಳಿಗ್ಗೆಯೇ ಜನ ಮುಗಿಬಿದ್ದಿದ್ದು ನೆನಪಿರಬಹುದು. ಜನರ ಭಯವನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಮೇಲಿನ ಲೆಕ್ಕ ನೋಡಿದರೆ ಆ ಕ್ಯೂ ಯಾಕೆ ಯಾರಿಗೂ ಅಷ್ಟಾಗಿ ಉಪಯೋಗ ಆಗಲ್ಲ ಎಂದು ಗೊತ್ತಾಗುತ್ತದೆ. ಅದೇ ಕ್ಯೂನಲ್ಲಿ ನಿಜವಾಗಿ ನೋವಿರುವ ಒಬ್ಬರು ಹಿಂದೆ ಸಿಕ್ಕಿಹಾಕಿಕೊಂಡಿದ್ದರೆ?

ನಮ್ಮ ರೈತರು ಎರಡನೇ ಗುಂಪಿನವರು. ವಯಸ್ಸು 54, ಬೀಡಿ ಅಭ್ಯಾಸ, ಬೆವರು, ಕಲ್ಲಿಟ್ಟಂಥ ಭಾರ. ಇಂಥವರಿಗೆ ಒಂದು ಇಸಿಜಿ ನಾರ್ಮಲ್ ಬಂದರೆ ಮಾಡಬೇಕಾದ್ದು ಇನ್ನೊಂದು ಇಸಿಜಿ. ರಕ್ತನಾಳ ಮುಚ್ಚಿಕೊಳ್ಳುವುದು ಬಾಗಿಲು ಹಾಕಿದಂತೆ ಒಂದೇ ಸಲ ಆಗಬೇಕಿಲ್ಲ. ಗಡ್ಡೆ ಕಟ್ಟುತ್ತದೆ, ಸ್ವಲ್ಪ ಬಿಡುತ್ತದೆ, ಮತ್ತೆ ಕಟ್ಟುತ್ತದೆ. ಇಸಿಜಿ ಎಂದರೆ ಹತ್ತು ಸೆಕೆಂಡಿನ ಫೋಟೋ. ಫೋಟೋ ತೆಗೆದಾಗ ಕಳ್ಳ ಬಾಗಿಲ ಹಿಂದೆ ಇದ್ದರೆ? ಟ್ರೋಪೋನಿನ್ ಎಂಬ ರಕ್ತಪರೀಕ್ಷೆಯೂ ಹೀಗೇ. ಹೃದಯದ ಸ್ನಾಯು ಪೆಟ್ಟು ತಿಂದ ಮೇಲೆ ಅದು ರಕ್ತದಲ್ಲಿ ಏರಲು ಗಂಟೆಗಳು ಬೇಕು. ನೋವು ಶುರುವಾದ ಒಂದು ಗಂಟೆಗೆ ಮಾಡಿಸಿ ನಾರ್ಮಲ್ ಎಂದು ನಿಟ್ಟುಸಿರು ಬಿಟ್ಟರೆ ಪ್ರಯೋಜನವಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಊರಿನಲ್ಲಿ, ಸಕ್ಕರೆ ಕಾಯಿಲೆಯ ಒಬ್ಬ ತಾಯಿ ಬಂದಿದ್ದರು. ಎದೆನೋವು ಎನ್ನಲೇ ಇಲ್ಲ. ಎರಡು ಸಲ ವಾಂತಿ, ದವಡೆ ಹಿಡಿದಂತೆ, ತುಂಬಾ ಸುಸ್ತು. ಒಂದು ಇಸಿಜಿ ಮಾಡಿದೆ. ಚೆನ್ನಾಗಿಯೇ ಇತ್ತು. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟೆ. "ಈಗ ಪರವಾಗಿಲ್ಲ ಕಣಪ್ಪ" ಎಂದರು. ಆ ಮಾತೇ ನನಗೆ ಸಾಕಾಯಿತು, ಕಳಿಸಿಕೊಟ್ಟೆ. ಬೆಳಗಿನ ಜಾವ ಮತ್ತೆ ಕರೆತಂದರು, ಶ್ವಾಸಕೋಶದ ತುಂಬಾ ನೀರು. ಬದುಕಿದರು, ಆದರೆ ಹೃದಯ ಸೋತುಹೋಗಿತ್ತು. ಗ್ಯಾಸ್ಟ್ರಿಕ್ ಇಂಜೆಕ್ಷನ್‌ಗೆ ನೋವು ಇಳಿದರೆ ಅದು ಗ್ಯಾಸೇ ಎಂದು ಸಾಬೀತಾಗುವುದಿಲ್ಲ. ಹಾರ್ಟ್‌ನ ನೋವೂ ತಾನಾಗಿಯೇ ಏರಿ ಇಳಿಯುತ್ತದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಶುಗರ್ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರಾಟದ ತೊಂದರೆ, ವಾಂತಿಯಾಗಿಯೂ ಬರುತ್ತದೆ. ನಾನು ಮೊದಲ ನಿಮಿಷದಲ್ಲೇ ಗ್ಯಾಸ್ ಎಂದು ತೀರ್ಮಾನಿಸಿ, ಆಮೇಲೆ ಕಂಡದ್ದನ್ನೆಲ್ಲ ಅದಕ್ಕೇ ಹೊಂದಿಸಿಕೊಂಡಿದ್ದೆ.

11.58ಕ್ಕೆ ಎರಡನೇ ಇಸಿಜಿ. ಈ ಸಲ ಅನುಮಾನವಿರಲಿಲ್ಲ. ಹೃದಯದ ಕೆಳಭಾಗವನ್ನು ತೋರಿಸುವ ಎರಡನೇ, ಮೂರನೇ ಮತ್ತು ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಎಂಬ ಗೆರೆಯ ತುಂಡು ಎದ್ದು ನಿಂತಿತ್ತು. ಹೃದಯದ ಕೆಳಭಾಗಕ್ಕೆ ಅಟ್ಯಾಕ್. ಅಷ್ಟರಲ್ಲಿ ಭಾಮೈದ ಜೇಬಿನಿಂದ ಒಂದು ಮಾತ್ರೆ ತೆಗೆದರು. "ಪಕ್ಕದ್ಮನೆ ಅಜ್ಜಂದು ಸಾ, ನಾಲ್ಗೆ ಕೆಳ್ಗೆ ಮಡಗೋದು. ಕೊಟ್ಬುಡ್ಲಾ?"

ಅವರ ಕೈ ಹಿಡಿದುಕೊಂಡೆ. ನಾಲಿಗೆ ಕೆಳಗಿನ ಮಾತ್ರೆ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುತ್ತದೆ. ಎಷ್ಟೋ ಜನರಿಗೆ ಅದು ಒಳ್ಳೆಯದೇ. ಆದರೆ ಕೆಳಭಾಗದ ಅಟ್ಯಾಕ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದರಲ್ಲಿ ಹೃದಯದ ಬಲಭಾಗವೂ ಪೆಟ್ಟು ತಿಂದಿರುತ್ತದೆ. ಬಲಭಾಗ ಸೋತರೆ, ಹಿಂದಿನಿಂದ ರಕ್ತ ತುಂಬಿ ಬರುವ ಒತ್ತಡದಲ್ಲೇ ಅದು ನಡೆಯಬೇಕು. ನಾಲೆಯಲ್ಲಿ ನೀರು ತುಂಬಿದ್ದರೆ ಕೊನೇ ಗದ್ದೆಗೂ ತಲುಪುತ್ತದೆ. ಮೇಲೆ ತೂಬು ಇಳಿಸಿದರೆ ಕೊನೇ ಗದ್ದೆ ಒಣಗುತ್ತದೆ, ಅಲ್ವಾ? ಹಾಗೆ. ಆ ಮಾತ್ರೆ ಇಟ್ಟಿದ್ದರೆ 94 ಇದ್ದ ಬಿಪಿ 60ಕ್ಕೆ ಇಳಿದು ಪ್ರಜ್ಞೆಯೇ ತಪ್ಪುತ್ತಿತ್ತೇನೋ. ಇಸಿಜಿ ಲೀಡನ್ನು ಎದೆಯ ಬಲಗಡೆಗೆ ಅಂಟಿಸಿ ಇನ್ನೊಂದು ಸಲ ನೋಡಿದೆವು. ಬಲಭಾಗವೂ ಸಿಕ್ಕಿಹಾಕಿಕೊಂಡಿತ್ತು. ಇಂಥವರಿಗೆ ಬೇಕಾದ್ದು ಸ್ವಲ್ಪ ಸಲೈನ್, ಅದೂ ನೋಡಿಕೊಂಡು.

ಆಮೇಲೆ ನಿಜವಾದ ಕಗ್ಗಂಟು. ಇಲ್ಲೇ ಇಂಜೆಕ್ಷನ್ ಕೊಡುವುದಾ, ಮೈಸೂರಿಗೆ ಕಳಿಸುವುದಾ?

ಮುಚ್ಚಿದ ರಕ್ತನಾಳ ತೆರೆಯಲು ಒಳ್ಳೆಯ ದಾರಿ ಆಂಜಿಯೋಪ್ಲಾಸ್ಟಿ. ಬಲೂನ್ ಹಾಕಿ ಸ್ಟೆಂಟ್ ಇಡುವುದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು "ಬೇಗ ಸಿಕ್ಕರೆ" ಮಾತ್ರ ಒಳ್ಳೆಯದು. ಇಸಿಜಿಯಲ್ಲಿ ಗೊತ್ತಾದ ಹೊತ್ತಿನಿಂದ 120 ನಿಮಿಷದೊಳಗೆ ರಕ್ತನಾಳ ತೆರೆಯಲು ಆಗುತ್ತದಾ? ಆದರೆ ಕಳಿಸು. ಆಗದಿದ್ದರೆ ಗಡ್ಡೆ ಕರಗಿಸುವ ಇಂಜೆಕ್ಷನ್ ಇಲ್ಲೇ ಕೊಟ್ಟು ಆಮೇಲೆ ಕಳಿಸು. ಶ್ರೀರಂಗಪಟ್ಟಣದಲ್ಲಿ ಇದ್ದಿದ್ದರೆ ನಾನು ಎರಡನೇ ಯೋಚನೆ ಇಲ್ಲದೆ ಕೆಆರ್‌ಎಸ್ ರಸ್ತೆಯ ಜಯದೇವಕ್ಕೆ ಕಳಿಸುತ್ತಿದ್ದೆ. ನಾವಿದ್ದದ್ದು ಮೈಸೂರಿಗೆ ಸುಮಾರು 60 ಕಿಲೋಮೀಟರ್ ದೂರದಲ್ಲಿ. ಜನ ಲೆಕ್ಕ ಹಾಕುವುದು ರಸ್ತೆಯನ್ನು ಮಾತ್ರ: "ಗಂಟೇಲಿ ಹೋಗ್ಬುಡ್ತೀವಿ ಸಾ." ಆಂಬುಲೆನ್ಸ್ ಬಂದು ಹತ್ತಿಸಲು 20-25 ನಿಮಿಷ, ದಾರಿ ಒಂದು ಗಂಟೆ ಚಿಲ್ಲರೆ, ಅಲ್ಲಿ ಇಳಿಸಿ, ನೋಡಿ, ಸಹಿ ಹಾಕಿಸಿ, ತಂಡ ಸಿದ್ಧವಾಗಿ ರಕ್ತನಾಳದೊಳಗೆ ಬಲೂನಿನ ತಂತಿ ಹೋಗಲು ಇನ್ನೊಂದು 40-50 ನಿಮಿಷ. ಎಲ್ಲ ಚೆನ್ನಾಗಿ ನಡೆದರೂ 120 ದಾಟುತ್ತದೆ. ನೋವು ಶುರುವಾಗಿದ್ದು ರಾತ್ರಿ 9.30ಕ್ಕೆ. ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುವುದು ಮೊದಲ ಎರಡು ಮೂರು ಗಂಟೆಯಲ್ಲಿ. 12 ಗಂಟೆ ಕಳೆದ ಮೇಲೆ ಕೊಡುವುದರಲ್ಲಿ ಹೆಚ್ಚು ಅರ್ಥವಿಲ್ಲ.

ಗಡ್ಡೆ ಕರಗಿಸುವ ಈ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸರ್ಕಾರಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಸಣ್ಣ ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಕೇಂದ್ರದಲ್ಲಿ ಕೂತವರು ನೋಡಿ ಹೇಳುವ ವ್ಯವಸ್ಥೆ ಅದು. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೆ ಹಳ್ಳಿಗಳಲ್ಲೂ ಎದೆನೋವನ್ನು ಹಗುರವಾಗಿ ನೋಡುವುದು ಸ್ವಲ್ಪ ಕಡಿಮೆಯಾಗಿದೆ ಎಂದು ನನಗನಿಸುತ್ತದೆ.

ಗಡ್ಡೆ ಕರಗಿಸಿದರೆ ಎಷ್ಟು ಲಾಭ? 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಆಗಿನ ಔಷಧಿ ಸ್ಟ್ರೆಪ್ಟೋಕೈನೇಸ್, ಜೊತೆಗೆ ಆಸ್ಪಿರಿನ್. ಎರಡೂ ಸಿಗದ 100 ಜನರಲ್ಲಿ ಐದು ವಾರದೊಳಗೆ 13 ಜನ ಸತ್ತರೆ, ಎರಡೂ ಸಿಕ್ಕ 100ರಲ್ಲಿ 8 ಜನ. ಅದರಲ್ಲೊಂದು ತಮಾಷೆ ಇದೆ. ಅಂಕಿಗಳನ್ನು ಸಣ್ಣ ಸಣ್ಣ ಗುಂಪಾಗಿ ಒಡೆದರೆ ಎಂಥ ಎಡವಟ್ಟು ಆಗುತ್ತದೆಂದು ತೋರಿಸಲು ಆ ಸಂಶೋಧಕರು ರಾಶಿ ಪ್ರಕಾರವೂ ಒಡೆದು ಪ್ರಕಟಿಸಿದರು. ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಕೆಲಸವೇ ಮಾಡಲ್ಲ ಎಂದು ಬಂತು! ನಮ್ಮ ಕಡೆ ಇದನ್ನು ಹೇಳುವಾಗ ಎಚ್ಚರ ಬೇಕು, ಯಾರಾದರೂ ನಂಬಿಬಿಟ್ಟಾರು.

ಲಾಭ ಇದ್ದಲ್ಲಿ ಅಪಾಯವೂ ಇದೆ. ಗಡ್ಡೆ ಕರಗಿಸುವ ಔಷಧಿಗೆ ಯಾವ ಗಡ್ಡೆ ಕೆಟ್ಟದ್ದು, ಯಾವುದು ಗಾಯ ಮುಚ್ಚಿದ್ದು ಎಂದು ಗೊತ್ತಾಗುವುದಿಲ್ಲ. ಸುಮಾರು 100 ಜನರಲ್ಲಿ ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು. ಅದಕ್ಕೇ ಆ ಗಡಿಬಿಡಿಯಲ್ಲೂ ಪ್ರಶ್ನೆ ಮೇಲೆ ಪ್ರಶ್ನೆ: ಸ್ಟ್ರೋಕ್ ಆಗಿತ್ತಾ? ಇತ್ತೀಚೆಗೆ ತಲೆಗೆ ಪೆಟ್ಟು? ಆಪರೇಷನ್? ಮಲ ಕಪ್ಪಗೆ ಹೋಗುತ್ತಾ? ಯಾವ ಮಾತ್ರೆ ನುಂಗ್ತಾರೆ? ಮಗ ರೇಗಿದ, "ಮೊದ್ಲು ಇಂಜೆಕ್ಷನ್ ಹಾಕಿ ಸಾ, ಕತೆ ಆಮೇಲೆ ಕೇಳಿ." ಅವನ ತಪ್ಪಲ್ಲ. ಆ ಐದು ಉತ್ತರಗಳೇ ಇಂಜೆಕ್ಷನ್‌ನ ಅರ್ಧ ಭಾಗ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಡೋಸ್ ತೂಕದ ಮೇಲೆ. ಎಷ್ಟು ಕೆಜಿ ಎಂದರೆ ಯಾರಿಗೂ ಗೊತ್ತಿಲ್ಲ. ಹೋದ ವರ್ಷ ಫ್ಯಾಕ್ಟರಿಗೆ ಹಾಕಿದ ಕಬ್ಬಿನ ಟನ್ ಲೆಕ್ಕ ಮಾತ್ರ ಬಾಯಲ್ಲೇ ಇತ್ತು. ಹಿಡಿದುಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. 60ರಿಂದ 70ರೊಳಗೆ ಎಂದು ಅಂದಾಜು ಮಾಡಿ 35 ಮಿಲಿಗ್ರಾಂ ಎಂದು ಬರೆದೆ.

"ಏನೂ ಆಗಲ್ಲ ಅಂತ ಬರ್ದು ಕೊಡಿ" ಎಂದರು ಭಾಮೈದ. ಹಾಗೆ ಬರೆದುಕೊಡುವ ಡಾಕ್ಟರು ಸಿಕ್ಕರೆ ಅಲ್ಲಿಂದ ಓಡಿಹೋಗಿ. ನಾನು ಹೇಳಿದ್ದು ಇಷ್ಟು: ಕೊಟ್ಟರೆ ನೂರರಲ್ಲಿ ಒಬ್ಬರಿಗೆ ತಲೆಯಲ್ಲಿ ತೊಂದರೆ ಆಗಬಹುದು. ಕೊಡದಿದ್ದರೆ ಹೃದಯದ ಆ ಭಾಗ ಸಾಯುವುದು ಹೆಚ್ಚುಕಮ್ಮಿ ಖಾತ್ರಿ. ಮಗ ಒಂದು ನಿಮಿಷ ನೆಲ ನೋಡಿದ. ಸಹಿ ಹಾಕಿದ. ಹೊಸ ಗಡ್ಡೆ ಕಟ್ಟದಿರಲೆಂದು ಆಸ್ಪಿರಿನ್ ಅಗಿಯಲು ಕೊಟ್ಟಿದ್ದೆವು, ಕ್ಲೋಪಿಡೋಗ್ರೆಲ್ ನುಂಗಿಸಿದ್ದೆವು. 12.20ಕ್ಕೆ ಸಿಸ್ಟರ್ ಇಂಜೆಕ್ಷನ್ ತಳ್ಳಿದರು. ಹತ್ತು ಸೆಕೆಂಡಿನ ಕೆಲಸ.

ಆ ರಾತ್ರಿ ಪಕ್ಕದ ಬೆಡ್‌ನಲ್ಲೂ ಇದೇ ಥರದ ಲೆಕ್ಕ ನಡೆದಿತ್ತು. ಒಬ್ಬ ಅಜ್ಜಿಗೆ ಮಾತು ತೊದಲು, ಬಲಗೈ ಜೋಲು. ಎಲ್ಲರೂ ಸ್ಟ್ರೋಕ್ ಎಂದುಕೊಂಡೇ ಬಂದಿದ್ದರು. ಬೆರಳು ಚುಚ್ಚಿ ನೋಡಿದರೆ ಶುಗರ್ 34. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟಿದ್ದರು. ಗ್ಲೂಕೋಸ್ ಹಾಕಿದ ಸ್ವಲ್ಪ ಹೊತ್ತಿಗೆ ಎದ್ದು "ನನ್ನ ಯಾಕ್ಲಾ ಇಲ್ಲಿ ತಂದಿದ್ದೀರಿ" ಎಂದು ಬೈದರು. ಅವರನ್ನೂ ಆಗಲೇ ಕಳಿಸಲಿಲ್ಲ, ಆ ಮಾತ್ರೆಯ ಪ್ರಭಾವ ಗಂಟೆಗಟ್ಟಲೆ ಇರುತ್ತದೆ, ಶುಗರ್ ಮತ್ತೆ ಬೀಳುತ್ತದೆ.

"ಸುಸ್ತಾಗಿದೆ, ಒಂದು ಡ್ರಿಪ್ ಹಾಕಿ" ಎನ್ನುವುದು ನಮ್ಮ ಕಡೆಯ ಇನ್ನೊಂದು ಬೇಡಿಕೆ. ವಾಂತಿಭೇದಿಯಾಗಿ ಒಣಗಿದವರಿಗೆ ಅದು ಅಮೃತ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಅದೇ ಬಾಟಲಿ ಮುಳುಗಿಸುತ್ತದೆ. ಇಬ್ಬರೂ ಹೇಳುವುದು ಒಂದೇ ಮಾತು, ಸುಸ್ತು. ಯಾರು ಯಾವುದೆಂದು ತಿಳಿಯಲು ಬೆನ್ನಿಗೆ ಸ್ಟೆತಾಸ್ಕೋಪ್ ಇಡಬೇಕು, ಕತ್ತಿನ ನರ ನೋಡಬೇಕು, ಕಾಲಿನ ಊತ ಒತ್ತಿ ನೋಡಬೇಕು.

ಇನ್ನು ಮನೆಯವರು ಏನು ಮಾಡಬಹುದು ಎಂದು ಕೇಳುತ್ತೀರಿ. ನೋವು ಶುರುವಾದ ಗಂಟೆ ನೆನಪಿಡಿ, "ಸಂಜೆಯಿಂದ" ಎನ್ನುವ ಉತ್ತರದಿಂದ ನಮಗೆ ಏನೂ ಸಿಗುವುದಿಲ್ಲ. ಮಾತ್ರೆಗಳ ಕವರನ್ನೇ ತನ್ನಿ. ಸೋಡಾ, ಜೀರಿಗೆ ನೀರು ಎಂದು ಒಂದು ಗಂಟೆ ಕಳೆಯಬೇಡಿ. ರೋಗಿಯನ್ನು ಬೈಕಿನ ಮಧ್ಯೆ ಕೂರಿಸಿಕೊಂಡು ಬರಬೇಡಿ, 108ಕ್ಕೆ ಫೋನ್ ಮಾಡಿ. ಕುಸಿದುಬಿದ್ದು ಉಸಿರಾಟ ನಿಂತರೆ ಆಂಬುಲೆನ್ಸ್ ಬರಲಿ ಎಂದು ಕಾಯುತ್ತಾ ಕೂರುವಂತಿಲ್ಲ. 108ಕ್ಕೆ ಹೇಳುತ್ತಲೇ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಇಳಿಯುವಂತೆ ಜೋರಾಗಿ ಒತ್ತಬೇಕು. ಪಕ್ಕೆಲುಬು ಮುರಿದೀತು ಎಂದು ಹೆದರುತ್ತಾರೆ. ಮುರಿದರೆ ಕೂಡುತ್ತದೆ.

12.40ಕ್ಕೆ ಆಂಬುಲೆನ್ಸ್ ಹೊರಟಿತು. ಇಂಜೆಕ್ಷನ್ ಕೊಟ್ಟ ಮೇಲೆ ಯಾಕೆ ಕಳಿಸಬೇಕು ಎಂದು ಮಗ ಕೇಳಿದ್ದ. ಗಡ್ಡೆ ಕರಗಿದರೂ ಅದು ಕಟ್ಟಿದ ಜಾಗ ಹಾಗೇ ಇರುತ್ತದೆ. ಒಂದು ದಿನದೊಳಗೆ ಆಂಜಿಯೋ ಮಾಡಿ ನೋಡಬೇಕು. ಕರಗದಿದ್ದರೆ ತಕ್ಷಣವೇ ಬಲೂನ್ ಹಾಕಬೇಕು. ಅದು ಗೊತ್ತಾಗುವುದು 60ರಿಂದ 90 ನಿಮಿಷದ ಇಸಿಜಿಯಲ್ಲಿ: ಎದ್ದಿದ್ದ ಎಸ್‌ಟಿ ಅರ್ಧಕ್ಕಿಂತ ಹೆಚ್ಚು ಇಳಿದಿರಬೇಕು.

1.50ಕ್ಕೆ ಮೈಸೂರಿನಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಮೂರನೇ ಲೀಡಿನ ಗೆರೆ ಇಳಿದು ನೆಲಕ್ಕೆ ಬಂದಿತ್ತು. ಅದನ್ನೇ ನೋಡುತ್ತಿದ್ದಾಗ ಮಗ ಫೋನ್ ಮಾಡಿದ. ಅಪ್ಪನಿಗೆ ನೋವು ಕಮ್ಮಿಯಂತೆ. ಕಬ್ಬು ಕಡಿಯುವವರಿಗೆ ನಾಳೆ ಬೇಡ ಅಂತ ಹೇಳು ಎಂದು ಆಗಲೇ ಎರಡು ಸಲ ಹೇಳಿದ್ದಾರಂತೆ.